ಬಡಿಸುವವನು ಯಾರು? ಡೀಕನ್ ಆಗಿ ಆಯ್ಕೆಯಾದ ಸಹೋದರರ ಪತ್ರಕ್ಕೆ ಉತ್ತರ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 38. ಹುಟ್ಟಿ ಬೆಳೆದದ್ದು ಗದಗ ಕಡೆಯ ಹಳ್ಳಿಯಲ್ಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಇಲ್ಲಿಗೆ ಬಂದ ಮೇಲೆ ಮನೆಗೆ ಹತ್ತಿರ ಅಂತ ಒಂದು ಸ್ವತಂತ್ರ ಸಭೆಗೆ ಹೋಗುತ್ತಿದ್ದೇವೆ. ಕಳೆದ ತಿಂಗಳು ಸಭೆಯವರು ಕೈ ಎತ್ತಿ ನನ್ನನ್ನು ಡೀಕನ್ ಅಂತ ಆರಿಸಿದರು. ನನಗೋ ಗೊಂದಲ. ನಮ್ಮೂರಲ್ಲಿ ಡೀಕನ್ ಅಂದರೆ ಮಂಗಳೂರಿನಲ್ಲಿ ಓದಿ ಬಂದ ಹೊಸ ಪಾಸ್ಟರ್. ನನ್ನ ಕ್ಯಾಥೊಲಿಕ್ ಗೆಳೆಯ, ಅದು ಫಾದರ್ ಆಗುವ ಮೊದಲಿನ ಮೆಟ್ಟಿಲು ಅನ್ನುತ್ತಾನೆ. ಹಾಗಾದರೆ ನಾನು ಅರ್ಧ ಪಾಸ್ಟರಾ ಅಥವಾ ಕುರ್ಚಿ ಹಾಕುವ ಆಳಾ? ನಮ್ಮ ಪಾಸ್ಟರ್ "ಲೆಕ್ಕದ ಪುಸ್ತಕಕ್ಕೆ ಸಹಿ ಹಾಕಿದರೆ ಸಾಕು" ಅಂದಿದ್ದಾರೆ. ಮೈಕ್ ಹಿಡಿದು ಮಾತಾಡಲು ನನಗೆ ಬರುವುದಿಲ್ಲ. ಹೆಣ್ಣುಮಕ್ಕಳು ಯಾಕೆ ಡೀಕನ್ ಆಗಬಾರದು ಅಂತ ನನ್ನ ಹೆಂಡತಿ ಕೇಳುತ್ತಾಳೆ. ತಾಯಿ ಊರಲ್ಲೇ ಇದ್ದಾರೆ, ಮೊಣಕಾಲು ನೋವಿನಿಂದ ಆರು ತಿಂಗಳಾಯ್ತು ಚರ್ಚಿಗೆ ಹೋಗಿಲ್ಲ. "ತಿಳಕೊಂಡು ಒಪ್ಪಿಕೋ" ಅಂತ ಅವರೂ ಹೇಳಿದ್ದಾರೆ. ಬರುವ ತಿಂಗಳ ಮೊದಲ ಭಾನುವಾರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರಂತೆ. ದಯವಿಟ್ಟು ತಿಳಿಸಿ. ಹೆಸರು ಹಾಕಬೇಡಿ.

ಉತ್ತರ: ಸಹೋದರರೇ, ಮೊದಲು ನಿಮ್ಮ ತಾಯಿಯವರಿಗೆ ನನ್ನ ವಂದನೆ ತಿಳಿಸಿ. ತಿಳಿದುಕೊಂಡು ಒಪ್ಪಿಕೋ ಎಂದು ಹೇಳುವ ತಾಯಂದಿರು ಸಭೆಗೆ ದೊಡ್ಡ ಆಸ್ತಿ.

ನೀವು ಹೇಳಿದ ಮೂರೂ ಸರಿ. ನಿಮ್ಮ ಊರಿನದೂ ಸರಿ, ಗೆಳೆಯನದೂ ಸರಿ, ನಿಮ್ಮ ಈಗಿನ ಸಭೆಯದೂ ಸರಿ. ಒಂದೇ ಹೆಸರು, ಮೂರು ವ್ಯವಸ್ಥೆ. ಸಿಎಸ್‌ಐನಲ್ಲಿ ಬಿಷಪ್, ಪ್ರೆಸ್ಬಿಟರ್, ಡೀಕನ್ ಎಂದು ಮೂರು ಹಂತದ ಸೇವೆ ಇದೆ. ದೇವಶಾಸ್ತ್ರ ಓದಿ ಬಂದವರಿಗೆ ಮೊದಲು ಡೀಕನ್ ಅಭಿಷೇಕ ಆಗುತ್ತದೆ. ಸ್ವಲ್ಪ ಕಾಲ ಹಿರಿಯರ ಕೈಕೆಳಗೆ ಕೆಲಸ ಮಾಡಿದ ಮೇಲೆ ಪ್ರೆಸ್ಬಿಟರ್, ಅಂದರೆ ಪೂರ್ಣ ಪಾಸ್ಟರ್, ಆಗುತ್ತಾರೆ. ಕ್ಯಾಥೊಲಿಕರಲ್ಲೂ ಗುರುದೀಕ್ಷೆಗೆ ಮುಂಚೆ ಡೀಕನ್ ದೀಕ್ಷೆ ಇದೆ. ಆ ಡೀಕನ್ ದೀಕ್ಷಾಸ್ನಾನ ಕೊಡಬಹುದು, ಪ್ರಸಂಗ ಮಾಡಬಹುದು, ಮದುವೆ ನಡೆಸಬಹುದು, ಮಣ್ಣು ಮಾಡುವ ವಿಧಿ ನಡೆಸಬಹುದು. ಆದರೆ ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಕೊನೆವರೆಗೂ ಡೀಕನ್ ಆಗಿಯೇ ಉಳಿಯುವ ಪದ್ಧತಿ ಅವರಲ್ಲಿ ಹಿಂದೆ ಇತ್ತು, ನಡುವೆ ನಿಂತುಹೋಗಿತ್ತು. ಎರಡನೇ ವ್ಯಾಟಿಕನ್ ಸಭೆ ಎಂಬ ಬಿಷಪ್ಪರ ಮಹಾಸಭೆ ಮುಗಿದ ಮೇಲೆ 1967ರಲ್ಲಿ ಪೋಪ್ ಆರನೇ ಪೌಲ್ ಅದನ್ನು ಮತ್ತೆ ಜಾರಿಗೆ ತಂದರು. ಈಗ ಮದುವೆಯಾದ, ಮನೆ ಮಕ್ಕಳಿರುವ ಗಂಡಸೂ ಅವರಲ್ಲಿ ಕಾಯಂ ಡೀಕನ್ ಆಗಬಹುದು. ನಿಮ್ಮಂಥ ಸ್ವತಂತ್ರ ಸಭೆಗಳಲ್ಲಿ, ಬ್ಯಾಪ್ಟಿಸ್ಟರಲ್ಲಿ, ಡೀಕನ್ ಅಂದರೆ ಸಭೆಯೇ ಆರಿಸಿದ, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವ ವಿಶ್ವಾಸಿ. ಸಂಬಳ ಇಲ್ಲ, ಕೊರಳಿಗೆ ಹಾಕುವ ಸ್ಟೋಲ್ ಪಟ್ಟಿ ಇಲ್ಲ.

ವ್ಯವಸ್ಥೆಯ ಮಾತು ಇಷ್ಟು ಸಾಕು. ಕೆಲಸ ಏನು ಅನ್ನುವುದೇ ಮುಖ್ಯ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, "ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೇನು?" ಡೀಕನ್ ಕೆಲಸ ಹುಟ್ಟಿದ್ದೇ ಈ ಗಾದೆಯ ಒಳಗಿನ ನೋವಿನಿಂದ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ತೆಗೆಯಿರಿ. ಯೆರೂಸಲೇಮಿನ ಸಭೆ ದೊಡ್ಡದಾಗಿದೆ. ಪ್ರತಿದಿನ ಬಡವರಿಗೆ ಊಟ ಹಂಚುತ್ತಾರೆ. ಆ ಸಭೆಯಲ್ಲಿ ಎರಡು ಗುಂಪು. ಒಂದು, ಅಲ್ಲಿನ ಭಾಷೆ ಆಡುವ ಸ್ಥಳೀಯ ಯೆಹೂದ್ಯರು. ಇನ್ನೊಂದು, ಹೊರಗಿನಿಂದ ಬಂದು ನೆಲೆಸಿದ, ಗ್ರೀಕ್ ಮಾತಾಡುವ ಯೆಹೂದ್ಯರು. ಈ ಗ್ರೀಕ್ ಗುಂಪಿನ ವಿಧವೆಯರಿಗೆ ಹಂಚಿಕೆಯಲ್ಲಿ ಪಾಲು ತಪ್ಪುತ್ತಿತ್ತು. ಗುಣುಗುಟ್ಟುವುದು ಶುರುವಾಯಿತು. ಬಡಿಸುವವರು ಅವರವರಾಗಿರಲಿಲ್ಲ, ಅಷ್ಟೇ.

ಆಗ ಅಪೊಸ್ತಲರು, ಅಂದರೆ ಯೇಸು ಆರಿಸಿದ ಶಿಷ್ಯರು, ಏನು ಮಾಡಿದರು ನೋಡಿ. ದೂರು ಹೇಳಿದವರನ್ನು ಗದರಿಸಲಿಲ್ಲ. "ಸಭೆಯಲ್ಲಿ ಒಡಕು ತರಬೇಡಿ" ಅನ್ನಲಿಲ್ಲ. ಒಳ್ಳೇ ಹೆಸರಿರುವ, ಜ್ಞಾನವಂತರಾದ, ಪವಿತ್ರಾತ್ಮಭರಿತರಾದ ಏಳು ಜನರನ್ನು ನೀವೇ ಆರಿಸಿ ಎಂದರು. ಸಭೆ ಆರಿಸಿದ ಏಳು ಹೆಸರು ಇವು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳಕ್ಕೆ ಏಳೂ ಗ್ರೀಕ್ ಹೆಸರು! ಯಾವ ಪಂಕ್ತಿಗೆ ಅನ್ನ ಮುಟ್ಟುತ್ತಿರಲಿಲ್ಲವೋ ಆ ಪಂಕ್ತಿಯವರ ಕೈಗೇ ಸೌಟು ಕೊಟ್ಟರು. ನಲವತ್ತು ವರ್ಷಗಳಿಂದ ಈ ಭಾಗವನ್ನು ಓದುತ್ತಿದ್ದೇನೆ. ಇಲ್ಲಿಗೆ ಬಂದಾಗ ಈಗಲೂ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂರುತ್ತೇನೆ.

ಈ ಅಧ್ಯಾಯದಲ್ಲಿ ಆ ಏಳು ಜನರಿಗೆ ಡೀಕನ್ ಎಂಬ ಬಿರುದು ಹಾಕಿಲ್ಲ, ಅದೂ ನಿಮಗೆ ಗೊತ್ತಿರಲಿ. ಆದರೆ ಅವರ ಕೆಲಸಕ್ಕೆ ಬಳಸಿದ ಗ್ರೀಕ್ ಮಾತು ಆ ಬಿರುದಿನ ಬೇರೇ. ಡೀಕನ್ ಪದ ಬಂದದ್ದು 'ದಿಯಾಕೊನೊಸ್' ಎಂಬ ಮಾತಿನಿಂದ. ಊಟಕ್ಕೆ ಬಡಿಸುವವನು, ಹೇಳಿದ ಕೆಲಸಕ್ಕೆ ಓಡುವವನು ಎಂದು ಅರ್ಥ. ನಮ್ಮ ಹಳೆಯ ಕನ್ನಡ ಸತ್ಯವೇದ ಇದನ್ನು 'ಸಭಾಸೇವಕ' ಅಂತ ಮಾಡಿದೆ. ಒಳ್ಳೇ ಮಾತು. ಇನ್ನೊಂದು ವಿಷಯ, ಅದೇ ಅಧ್ಯಾಯದಲ್ಲಿ ಊಟ ಹಂಚುವುದಕ್ಕೂ 'ಸೇವೆ' ಎಂದೇ ಇದೆ, ವಾಕ್ಯ ಸಾರುವುದಕ್ಕೂ 'ಸೇವೆ' ಎಂದೇ ಇದೆ. ಗ್ರೀಕಿನಲ್ಲಿ ಎರಡಕ್ಕೂ ಒಂದೇ ಪದ. ಅರ್ಧ ಪಾಸ್ಟರಾ, ಆಳಾ ಎಂದು ಕೇಳಿದಿರಿ. ಆ ಪದದ ಒಳಗೆ ಮೇಲು ಕೀಳು ಎಂಬ ಮೆಟ್ಟಿಲೇ ಇಲ್ಲ. ಪಾಸ್ಟರೂ ಬಡಿಸುವವರೇ, ನೀವೂ ಬಡಿಸುವವರೇ. ಪಾತ್ರೆ ಬೇರೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಡೀಕನ್ ಆಗಿ ಮೊದಲ ವರ್ಷ ಇದ್ದ ಸಭೆಯ ಹೆಸರು ಬೇಡ. ಕ್ರಿಸ್ಮಸ್‌ಗೆ ಬಡವರಿಗೆ ಹತ್ತು ಕಿಲೋ ಅಕ್ಕಿ, ಒಂದು ಸೀರೆ ಕೊಡುವ ರೂಢಿ ಇತ್ತು. ಯಾದಿ ಮಾಡುವ ಕೆಲಸ ನನಗೆ ಬಂತು. ನಾನು ಹುರುಪಿನ ಹುಡುಗ. ಕಪಾಟಿನಿಂದ ರಿಜಿಸ್ಟರ್ ತೆಗೆದೆ, ಅದರಲ್ಲಿ ಬಡವರು ಅಂತ ಕಂಡವರ ಹೆಸರಿಗೆ ಗುರುತು ಹಾಕಿದೆ, ನೀಟಾಗಿ ಬರೆದೆ. ಹಂಚುವ ದಿನ ಎಲ್ಲರೂ ಬಂದರು, ಕರೆದ ಹಾಗೆ ತಗೊಂಡು ಹೋದರು. ಕೊನೆಗೆ ಒಬ್ಬ ಅಜ್ಜಿ ಬಾಗಿಲ ಹತ್ತಿರ ನಿಂತಿದ್ದಳು. ಪ್ರತಿ ಭಾನುವಾರ ಕಡೇ ಬೆಂಚಿನಲ್ಲಿ ಕೂರುವವಳು, ಆರಾಧನೆ ಮುಗಿದ ಮೇಲೆ ಯಾರೂ ಹೇಳದಿದ್ದರೂ ಕಸ ಗುಡಿಸುವವಳು. "ನನ್ನ ಹೆಸರ ಬರದಿಲ್ಲೇನಪಾ?" ಅಂದಳು. ಸಿಟ್ಟಿರಲಿಲ್ಲ. ಸುಮ್ನೆ ಕೇಳಿದಳು.

ರಾತ್ರಿ ಕೂತು ನೋಡಿದೆ. ನಾನು ತೆಗೆದುಕೊಂಡ ರಿಜಿಸ್ಟರ್ ಯಾವುದು ಗೊತ್ತಾ? ತಿಂಗಳ ಕಾಣಿಕೆ ಕವರಿನ ರಿಜಿಸ್ಟರ್. ಕಾಣಿಕೆ ಕೊಟ್ಟವರ ಹೆಸರಷ್ಟೇ ಅದರಲ್ಲಿ ಇತ್ತು. ಕವರಿಗೆ ಹಾಕಲು ಒಂದು ರೂಪಾಯಿಯೂ ಇಲ್ಲದವರ ಹೆಸರು ಅದರಲ್ಲಿ ಬರುವುದಾದರೂ ಹೇಗೆ? ಅಂದರೆ ಎಲ್ಲರಿಗಿಂತ ಜಾಸ್ತಿ ಬಡವರಾದವರೇ ನನ್ನ ಯಾದಿಯಿಂದ ಹೊರಗೆ ಉಳಿದಿದ್ದರು. ಓಣಿ ಓಣಿ ತಿರುಗಿದೆ. ಇನ್ನೂ ಹನ್ನೊಂದು ಮನೆ ಸಿಕ್ಕವು. ಯೆರೂಸಲೇಮಿನ ಸಭೆಯಲ್ಲೂ ಯಾರೂ ಬೇಕಂತ ಮಾಡಿರಲಿಕ್ಕಿಲ್ಲ ಎಂದು ನನಗೆ ಅನ್ನಿಸಿದ್ದು ಆವತ್ತೇ. ಯಾದಿ ಎಲ್ಲಿಂದ ಬರೆದೆವು ಎಂಬಲ್ಲೇ ತಪ್ಪು ಕೂತಿರುತ್ತದೆ.

ಹಾಗಾಗಿ ಡೀಕನ್ ಯಾರು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಯಾದಿಯಲ್ಲಿ ಇಲ್ಲದ ಹೆಸರು ಗೊತ್ತಿರುವವನು. ಈ ಭಾನುವಾರ ಯಾರು ಬಂದಿಲ್ಲ ಎಂದು ನೋಡುವವನು. ಇದು ನನ್ನ ಕಲ್ಪನೆಯಲ್ಲ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿ ಜಸ್ಟಿನ್ ಎಂಬ ವಿಶ್ವಾಸಿ ತಮ್ಮ ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ ಎಂದು ಬರೆದಿಟ್ಟಿದ್ದಾನೆ. ಕರ್ತನ ಭೋಜನದ ರೊಟ್ಟಿ ಮತ್ತು ಪಾತ್ರೆಗಾಗಿ ಸ್ತೋತ್ರ ಸಲ್ಲಿಸಿದ ಮೇಲೆ ಡೀಕನರು ಕೂತವರಿಗೆ ಹಂಚುತ್ತಾರೆ, ಬರಲಾಗದವರ ಮನೆಗೂ ತೆಗೆದುಕೊಂಡು ಹೋಗುತ್ತಾರೆ ಎನ್ನುತ್ತಾನೆ. ಆಮೇಲೆ ಕಾಣಿಕೆಯ ಮಾತು. ಅದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರಊರಿನಿಂದ ಬಂದವರಿಗೆ. ಮೇಜಿನ ರೊಟ್ಟಿ ಮತ್ತು ಪೆಟ್ಟಿಗೆಯ ದುಡ್ಡು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ.

ಹುಬ್ಬಳ್ಳಿಯಲ್ಲಿ ಈ ಕೆಲಸಕ್ಕೆ ಹುಡುಕಿಕೊಂಡು ಹೋಗಬೇಕಿಲ್ಲ. ಕಿಮ್ಸ್ ಆಸ್ಪತ್ರೆಯ ವರಾಂಡದಲ್ಲಿ ಒಂದು ಸಂಜೆ ನಿಂತರೆ ಸಾಕು. ಹಾವೇರಿ, ಗದಗ, ಕೊಪ್ಪಳ ಕಡೆಯಿಂದ ಬಂದವರು ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಯಾವ ಕೌಂಟರಿಗೆ ಹೋಗಬೇಕು, ಯಾವ ಚೀಟಿ ಎಲ್ಲಿ ಕೊಡಬೇಕು ಗೊತ್ತಿರುವುದಿಲ್ಲ. ನಿಮಗೆ ಊರು ಗೊತ್ತು, ಶಿಫ್ಟ್ ಮುಗಿದ ಮೇಲೆ ಸಮಯವೂ ಇದೆ. ಅವರು ನಿಮ್ಮ ಸಭೆಯವರೇ ಆಗಬೇಕು ಅಂತಿಲ್ಲ. ಬಡಿಸುವಾಗ ಜಾತಿ, ಸಭೆ ಕೇಳಬೇಡಿ. ಪ್ರಾರ್ಥನೆ ಮಾಡಲಾ ಎಂದು ಕೇಳುವ ಮೊದಲು ಊಟ ಆಯ್ತಾ ಎಂದು ಕೇಳಿ.

ಈಗ ಅರ್ಧ ಪಾಸ್ಟರ್ ವಿಷಯ. ಹಳೇ ಕಾಲದಲ್ಲೇ ಈ ಜಗಳ ಇತ್ತು. 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರ ದೊಡ್ಡ ಸಭೆ, ತನ್ನ ಹದಿನೆಂಟನೇ ನಿಯಮದಲ್ಲಿ ಡೀಕನರಿಗೆ ಬುದ್ಧಿ ಹೇಳಿದೆ. ಕೆಲವು ಊರುಗಳಲ್ಲಿ ಡೀಕನರು ತಾವೇ ಪ್ರೆಸ್ಬಿಟರರಿಗೆ ಕರ್ತನ ಭೋಜನ ಕೊಡುತ್ತಿದ್ದರು, ಅವರ ಸಾಲಿನಲ್ಲಿ ಕೂರುತ್ತಿದ್ದರು. ಹಾಗೆ ಮಾಡಬೇಡಿ, ನಿಮ್ಮ ಮಿತಿಯಲ್ಲಿರಿ ಎಂದು ಸಭೆ ಹೇಳಿತು. ದುಡ್ಡಿನ ಕೀಲಿ ಕೈಯಲ್ಲಿದ್ದರೆ ಕುರ್ಚಿಯ ಆಸೆ ಬರುತ್ತದೆ, ಸಹೋದರರೇ. ಎಚ್ಚರ ಇರಲಿ.

ಇನ್ನೊಂದು ಕಡೆ, ಬಡಿಸಲು ನಿಂತವರು ಬಡಿಸುವುದಕ್ಕೇ ಸೀಮಿತ ಆಗಲಿಲ್ಲ ಎಂಬುದೂ ನಿಜ. ಸ್ತೆಫನ ವಾಕ್ಯ ಹೇಳಿದ, ಕಲ್ಲೆಸೆತಕ್ಕೆ ಸತ್ತ. ಫಿಲಿಪ್ಪ ಸಮಾರ್ಯಕ್ಕೆ ಹೋದ, ಗಾಜಾದ ದಾರಿಯಲ್ಲಿ ಇಥಿಯೋಪಿಯದ ಅಧಿಕಾರಿಯ ರಥ ಹತ್ತಿ ಸುವಾರ್ತೆ ಹೇಳಿದ. ಇದರಲ್ಲಿ ನನಗೆ ತುಂಬಾ ಹಿಡಿಸುವ ಒಂದು ಸಂಗತಿ ಇದೆ. ಸ್ತೆಫನನನ್ನು ಕೊಲ್ಲುವಾಗ ಒಪ್ಪಿಗೆ ಕೊಟ್ಟು ನಿಂತವನು ಸೌಲ. ಎಷ್ಟೋ ವರ್ಷ ಆದ ಮೇಲೆ ಅದೇ ಸೌಲ, ಈಗ ಪೌಲ, ಕೈಸರೈಯಕ್ಕೆ ಬರುತ್ತಾನೆ. ಉಳಿದುಕೊಳ್ಳುವುದು ಯಾರ ಮನೆಯಲ್ಲಿ? ಫಿಲಿಪ್ಪನ ಮನೆಯಲ್ಲಿ. 'ಏಳು ಮಂದಿಯಲ್ಲಿ ಒಬ್ಬ' ಎಂದೇ ಅಲ್ಲಿ ಫಿಲಿಪ್ಪನ ಗುರುತು ಹೇಳಿದೆ. ತನ್ನ ಜೊತೆಗಾರನ ಸಾವಿಗೆ ಒಪ್ಪಿದವನಿಗೆ ಆ ಡೀಕನ್ ಬಾಗಿಲು ತೆಗೆದ, ಊಟಕ್ಕೆ ಬಡಿಸಿದ. ಇದಕ್ಕೆ ಮೈಕ್ ಬೇಕಾ?

ಮಾತಾಡಲು ಬರುವುದಿಲ್ಲ ಎಂಬ ಚಿಂತೆ ಬಿಡಿ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ ಬೋಧಿಸುವ ಸಾಮರ್ಥ್ಯ ಇರಬೇಕು ಎಂದಿದೆ. ಡೀಕನಿಗೆ ಆ ಷರತ್ತು ಇಲ್ಲ. ಅವನಿಗೆ ಹೇಳಿದ್ದು ಬೇರೆ: ಎರಡು ಮಾತಿನವನಾಗಬಾರದು, ಕುಡಿತದ ಚಟ ಇರಬಾರದು, ಅಡ್ಡದಾರಿಯ ಲಾಭಕ್ಕೆ ಆಸೆಪಡಬಾರದು, ಮನೆಯವರನ್ನು ಚೆನ್ನಾಗಿ ನಡೆಸಬೇಕು, ಮೊದಲು ಪರೀಕ್ಷೆಯಾಗಬೇಕು. ಎರಡು ಮಾತು ಎಂದು ಯಾಕೆ ಮೊದಲಲ್ಲೇ ಹೇಳಿದ ಅಂತ ನಿಮಗೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಡೀಕನ್ ಮನೆ ಮನೆಗೆ ಹೋಗುವವನು. ಒಬ್ಬರು ಸಾಲದ ಕಥೆ ಹೇಳುತ್ತಾರೆ, ಇನ್ನೊಬ್ಬರು ಮಗನ ಕುಡಿತದ ಕಥೆ. ಚಹಾ ಲೋಟ ಕೈಯಲ್ಲಿ ಹಿಡಿದು ಈ ಮನೆ ಮಾತು ಆ ಮನೆಯಲ್ಲಿ ಹೇಳಿದಿರೋ, ಮುಗಿಯಿತು. ಮುಂದೆ ಯಾವ ಬಾಗಿಲೂ ತೆಗೆಯುವುದಿಲ್ಲ.

ಲೆಕ್ಕದ ಮಾತಿಗೆ ಬರೋಣ. ನಿಮ್ಮ ಪಾಸ್ಟರ್ ಒಳ್ಳೆಯವರೇ ಇರಬಹುದು, ನಾನು ಅವರನ್ನು ನೋಡಿಲ್ಲ. ಆದರೆ "ಸಹಿ ಹಾಕಿದರೆ ಸಾಕು" ಎಂಬ ಮಾತಿಗೆ ಒಪ್ಪಬೇಡಿ. ಎಣಿಸದ ದುಡ್ಡಿಗೆ ಸಹಿ ಹಾಕುವುದು ಸುಳ್ಳು ಸಾಕ್ಷಿ. ಮರ್ಯಾದೆಯಿಂದಲೇ ಹೇಳಿ: "ಪಾಸ್ಟರ್, ನಿಮ್ಮ ಹೆಸರಿಗೆ ಮಾತು ಬರಬಾರದು. ಅದಕ್ಕೇ ನಾನು ಎಣಿಸಿ, ನೋಡಿ, ಸಹಿ ಹಾಕುತ್ತೇನೆ."

ಪದ್ಧತಿ ಸರಳ. ಆರಾಧನೆ ಮುಗಿದ ಕೂಡಲೇ, ಮನೆಗೆ ಒಯ್ಯದೆ, ಅಲ್ಲೇ ಮೇಜಿನ ಮೇಲೆ ಕಾಣಿಕೆ ಸುರಿಯಿರಿ. ಇಬ್ಬರು ಎಣಿಸಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ನೋಟು ಬೇರೆ, ಚಿಲ್ಲರೆ ಬೇರೆ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಇಬ್ಬರೂ ಸಹಿ ಮಾಡಬೇಕು. ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ತುರ್ತು ಖರ್ಚು ಇದೆ ಅಂತ ಕಾಣಿಕೆಯಿಂದಲೇ ಕೊಟ್ಟು ಉಳಿದದ್ದನ್ನು ಕಟ್ಟುವುದು ಬೇಡ. ಪೂರ್ತಿ ಕಟ್ಟಿ, ಆಮೇಲೆ ತೆಗೆಯಿರಿ. ಗೋಡೆ ಮೇಲಿನ ಕ್ಯೂಆರ್ ಕೋಡ್ ಯಾರ ಖಾತೆಗೆ ಹೋಗುತ್ತದೆ ಎಂದು ಒಂದು ರೂಪಾಯಿ ಕಳಿಸಿ ನೋಡಿ. ಸಭೆಯ ಹೆಸರು ಬರಬೇಕು, ಯಾವ ವ್ಯಕ್ತಿಯ ಹೆಸರೂ ಬರಬಾರದು. ಹೊರದೇಶದವರು ದಾನ ಕಳಿಸುತ್ತೇವೆ ಎಂದರೆ, ಸಭೆಗೆ ಎಫ್‌ಸಿಆರ್‌ಎ (ವಿದೇಶಿ ದಾನ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟಬೇಡಿ, ಅದು ಕಾನೂನಿನ ವಿಷಯ. ವರ್ಷಕ್ಕೊಮ್ಮೆ ಲೆಕ್ಕವನ್ನು ಇಡೀ ಸಭೆಯ ಮುಂದೆ ಓದಿ. ಬಡವರ ನಿಧಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಸಾಲು ಬೇರೆಯಾಗಿ ಇರಲಿ. ಯಾರಿಗೆ ಕೊಟ್ಟೆವು ಎಂಬ ಹೆಸರು ಮಾತ್ರ ಓದಬೇಡಿ.

ಲೆಕ್ಕದ ಜೊತೆ ಬಡವರ ಮನೆಗೆ ಹೋಗುವ ಕೆಲಸವನ್ನೂ ಕೇಳಿ ಪಡೆಯಿರಿ. 1541ರಲ್ಲಿ ಜಿನೀವಾದಲ್ಲಿ ಕ್ಯಾಲ್ವಿನ್ ಎಂಬ ಪ್ರೊಟೆಸ್ಟೆಂಟ್ ಸುಧಾರಕ ಸಭೆಯ ಕಟ್ಟಳೆ ಬರೆದಾಗ ಎರಡು ಬಗೆಯ ಡೀಕನರನ್ನು ಇಟ್ಟ. ಒಬ್ಬರು ಬಡವರ ಹಣ ಕಾಯುವವರು, ಇನ್ನೊಬ್ಬರು ಬಡವರನ್ನೂ ರೋಗಿಗಳನ್ನೂ ನೋಡಿಕೊಳ್ಳುವವರು. ದೊಡ್ಡ ಊರಿಗೆ ಅದು ಸರಿಯಿರಬಹುದು. ನಿಮ್ಮದು ಸಣ್ಣ ಸಭೆ. ದುಡ್ಡು ಎಣಿಸುವ ಕೈಗೂ ಬಡವರ ಬಾಗಿಲು ತಟ್ಟುವ ಕೈಗೂ ಸಂಬಂಧ ಇದ್ದರೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬಾಗಿಲು ನೋಡದವನಿಗೆ ಐನೂರು ರೂಪಾಯಿ ಒಂದು ಅಂಕಿ. ನೋಡಿದವನಿಗೆ ಅದು ಒಂದು ವಾರದ ಮಾತ್ರೆ.

ನಿಮ್ಮ ಮನೆಯವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೇ ಅಧ್ಯಾಯದ ಮೊದಲ ವಚನದಲ್ಲೇ ಫೊಯಿಬೆ ಎಂಬ ಹೆಣ್ಣುಮಗಳಿದ್ದಾಳೆ, ಕೆಂಖ್ರೆಯ ಸಭೆಯವಳು. ಅವಳಿಗೆ ಪೌಲ ಬಳಸಿದ ಪದವೂ 'ದಿಯಾಕೊನೊಸ್' ಎಂದೇ. ಅನೇಕರಿಗೆ, ನನಗೂ ಸಹ, ಆಸರೆಯಾದಳು ಎಂದು ಪೌಲ ಬರೆಯುತ್ತಾನೆ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ, ಸೇವಕಿಯರು ಎಂದು ಸಭೆಯಲ್ಲಿ ಕರೆಸಿಕೊಳ್ಳುತ್ತಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆ ಎಂದು ಚಕ್ರವರ್ತಿಗೆ ಕಾಗದ ಬರೆದಿದ್ದಾನೆ. ಮೂರನೇ ಶತಮಾನದಲ್ಲಿ ಸಿರಿಯ ಕಡೆ ಹೆಣ್ಣು ಡೀಕನರು ಹೆಂಗಸರ ದೀಕ್ಷಾಸ್ನಾನಕ್ಕೆ ನೆರವಾಗುತ್ತಿದ್ದರು, ಗಂಡಸರು ಹೋಗಲಾಗದ ಮನೆಗಳಲ್ಲಿ ಕಾಯಿಲೆ ಬಿದ್ದ ಹೆಂಗಸರನ್ನು ನೋಡಿಕೊಳ್ಳುತ್ತಿದ್ದರು. ತಿಮೊಥೆಯನ ಪತ್ರಿಕೆಯಲ್ಲಿ ಡೀಕನರ ಗುಣ ಹೇಳುವ ನಡುವೆ ಹೆಂಗಸರ ಬಗ್ಗೆ ಒಂದು ವಚನ ಇದೆ. ಅದು ಡೀಕನರ ಹೆಂಡಂದಿರ ಮಾತೋ, ಹೆಣ್ಣು ಡೀಕನರ ಮಾತೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕ್ಯಾಥೊಲಿಕರಲ್ಲಿ ಹೆಂಗಸರಿಗೆ ಈ ದೀಕ್ಷೆ ಇಲ್ಲ. ಸಿಎಸ್‌ಐನಲ್ಲಿ ಹೆಣ್ಣುಮಕ್ಕಳು ಡೀಕನ್ ಅಷ್ಟೇ ಅಲ್ಲ, 1976ರಿಂದ ಪ್ರೆಸ್ಬಿಟರ್ ಆಗುತ್ತಿದ್ದಾರೆ, 2013ರಲ್ಲಿ ಒಬ್ಬರು ಬಿಷಪ್ಪೂ ಆದರು.

ನಮ್ಮ ಸೀಮೆಯದನ್ನೇ ನೋಡಿ. ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಗಂಡಸರಾದ ಮಿಷನರಿಗಳು ಹಟ್ಟಿಯೊಳಗೆ, ಅಡುಗೆಮನೆಯೊಳಗೆ ಹೋಗಲಾಗುತ್ತಿರಲಿಲ್ಲ. ಅಲ್ಲಿಗೆ ಹೋದವರು ಬೈಬಲ್ ವುಮನ್ ಎಂದು ಕರೆಸಿಕೊಂಡ ನಮ್ಮ ಹೆಣ್ಣುಮಕ್ಕಳು. ಅವರಿಗೆ ಯಾರೂ ಡೀಕನ್ ಎಂಬ ಹೆಸರು ಕೊಡಲಿಲ್ಲ. ಮಾಡಿದ್ದೆಲ್ಲ ಅದೇ ಕೆಲಸ. ಹಾಗಾಗಿ ನಿಮ್ಮ ಸಭೆಯ ನಿಯಮ ಏನೇ ಹೇಳಲಿ, ನೀವು ಮನೆ ಭೇಟಿಗೆ ಹೋಗುವಾಗ ಮನೆಯವರನ್ನು ಕರೆದುಕೊಂಡು ಹೋಗಿ. ವಿಧವೆಯರು, ಬಾಣಂತಿಯರು ನಿಮ್ಮ ಮುಂದೆ ಹೇಳದ್ದನ್ನು ಅವರ ಮುಂದೆ ಹೇಳುತ್ತಾರೆ.

ಒಪ್ಪಿಕೊಳ್ಳಲಾ ಎಂದರೆ, ಒಪ್ಪಿಕೊಳ್ಳಿ. ಕೈಯಿಡುವ ಭಾನುವಾರಕ್ಕೆ ಮುಂಚೆ ಪಾಸ್ಟರ್ ಹತ್ತಿರ ಕೂತು, ನನ್ನ ಅವಧಿ ಎಷ್ಟು ವರ್ಷ, ಬಡವರ ನಿಧಿಯಲ್ಲಿ ಈಗ ಎಷ್ಟಿದೆ, ಕಾಯಿಲೆ ಬಿದ್ದವರ ಹೆಸರು ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿ. ಕೊನೆಯದಕ್ಕೆ ಪುಸ್ತಕ ಇಲ್ಲ ಎಂದರೆ, ನೂರು ಪುಟದ ಒಂದು ನೋಟ್‌ಬುಕ್ ನೀವೇ ತಗೊಳ್ಳಿ. ಹೆಸರು, ಓಣಿ, ಏನಾಗಿದೆ, ಹಿಂದೆ ಯಾವಾಗ ಹೋಗಿದ್ದೆವು, ಇಷ್ಟು ಬರೆದರೆ ಸಾಕು.

ಇನ್ನೊಂದು ಮಾತು. ತಾಯಿ ಆರು ತಿಂಗಳಿಂದ ಚರ್ಚಿಗೆ ಹೋಗಿಲ್ಲ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅಂದರೆ ಆರು ತಿಂಗಳಿಂದ ಅವರಿಗೆ ಕರ್ತನ ಭೋಜನವೂ ಸಿಕ್ಕಿಲ್ಲ, ಅಲ್ವಾ? ಸಿಎಸ್‌ಐ ಸಭೆಗಳಲ್ಲಿ ಹಾಸಿಗೆ ಹಿಡಿದವರಿಗೆ, ನಡೆಯಲಾಗದವರಿಗೆ ಮನೆಗೇ ತಂದು ಕೊಡುತ್ತಾರೆ. ಅಲ್ಲಿನ ಪಾಸ್ಟರ್‌ಗೆ ಯಾರೂ ಹೇಳಿಲ್ಲದೆ ಇರಬಹುದು. ಇವತ್ತೇ ಫೋನ್ ಮಾಡಿ. ತಾಯಿಯ ಹೆಸರು ಹೇಳಿ, ಮನೆ ಗುರುತು ಹೇಳಿ, ಮಧ್ಯಾಹ್ನ ಮಲಗಿರುತ್ತಾರೋ ಎದ್ದಿರುತ್ತಾರೋ ಅದನ್ನೂ ಹೇಳಿ. ಅವರು ಬರುವ ದಿನ ಸಾಧ್ಯವಾದರೆ ರಜೆ ಹಾಕಿ ನೀವೂ ಊರಿಗೆ ಹೋಗಿ, ತಾಯಿಯ ಪಕ್ಕ ಕೂತು ಜೊತೆಗೆ ತಗೊಳ್ಳಿ.